ಗಾವಾ ಬಟ್ಟಲಿನಷ್ಟು ಗುರಿ

ವಿಮಾನ ಸಮುದ್ರಕ್ಕೆ ಬೀಳಬಹುದಿತ್ತು. ಬೀಳದಿದ್ದರೆ ಬೊಂಬಾಯಿಯಲ್ಲಿ ನಾನು ತಪ್ಪು ಸಾಲಿನಲ್ಲಿ ನಿಂತು ನೈರೋಬಿಗೆ ಹೋಗಿ ಇಳಿಯಬಹುದಿತ್ತು. ಸರಿಯಾದ ವಿಮಾನವನ್ನೇ ಹತ್ತಿದರೂ, ಕೊಲ್ಲಿಯವರು ಕೆಲವು ವರ್ಷಗಳ ಹಿಂದೆ ಮುಗಿಸಿದ್ದ ಯುದ್ಧವನ್ನು ನಾನು ಕಾಲಿಡುವ ಹೊತ್ತಿಗೆ ಸರಿಯಾಗಿ ಮತ್ತೆ ಶುರುಮಾಡಬಹುದಿತ್ತು. ದೋಹಾದ ಕಸ್ಟಮ್ಸಿನವನು ನನ್ನ ಮಿಡಿ ಉಪ್ಪಿನಕಾಯಿಯ ಭರಣಿ ಬಿಚ್ಚಿ, ಇದು ಯಾವ ಪ್ರಾಣಿಯ ಅಂಗ ಎಂದು ಕೇಳಬಹುದಿತ್ತು. ಪೆಟ್ಟಿಗೆಯಲ್ಲಿದ್ದ ತೆಂಗಿನೆಣ್ಣೆಯ ಬಾಟಲಿ ಒಡೆದು ನನ್ನ ಒಂದೇ ಒಂದು ಕೋಟು ಹಪ್ಪಳವಾಗಬಹುದಿತ್ತು. 'ಬಂದ ಉದ್ದೇಶ?' ಎಂದು ಕೇಳಿದಾಗ ನಾನು ಗಾಬರಿಯಲ್ಲಿ ನಿಜವನ್ನೇ, ಅಂದರೆ 'ಬಂದೂಕು' ಎಂದೇ ಹೇಳಿಬಿಟ್ಟು, ನಿವೃತ್ತಿಯ ವಯಸ್ಸಿನ ತನಕ ಜೈಲಿನಲ್ಲಿ ಕುಬ್ಬೂಸ್ ರೊಟ್ಟಿ ತಿನ್ನುತ್ತ ಕೂರಬಹುದಿತ್ತು. ಆ ಬಂದೂಕು ಸಿಡಿಯಬಹುದಿತ್ತು. ಒಂಟೆ ಕಚ್ಚಬಹುದಿತ್ತು. ಒಂಟೆ ಕಚ್ಚುತ್ತದೆಯೇ ಎಂಬುದು ನನಗೆ ಗೊತ್ತಿರಲಿಲ್ಲ. ಹಾಗಾಗಿಯೇ ಆ ಚಿಂತೆ ಉಳಿದವಕ್ಕಿಂತ ದೊಡ್ಡದಾಗಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಅದು ತೀರಾ ಸಣ್ಣದು. ಅದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಕಾರ್ಕಳ: ವೀಸಾ ಯಾರಿಗೆ ಬಂತು

ನನ್ನ ತಂಗಿ ಪದ್ಮನ ಗಂಡ ವಾಸು ದೋಹಾದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮೊಳೆ, ಸರಪಳಿ, ಬಣ್ಣ, ಗ್ರೀಸು ಇವುಗಳ ನಡುವೆ ಅವನ ತಲೆ ಅರ್ಧ ನೆರೆತಿತ್ತು. ಹೆಂಡತಿಯನ್ನು ಕರೆಸಿಕೊಳ್ಳಬೇಕೆಂದರೆ ಧಣಿಯ ರುಜು ಬೇಕು. ಧಣಿ ಅಬು ಸಾಲೆಹ್, ಅಂದರೆ ಸಾಲೆಹನ ಅಪ್ಪ, ಒಳ್ಳೆಯ ಮನುಷ್ಯರೇ. ಆದರೆ ಆ ಚಳಿಗಾಲದಲ್ಲಿ ಅವರ ಬೇಟೆಯ ಬಂದೂಕು ಕೆಟ್ಟಿತ್ತು, ಅದರೊಂದಿಗೆ ತಲೆಯೂ ಕೆಟ್ಟಿತ್ತು. ಯಾವ ಕಾಗದ ಮುಂದಿಟ್ಟರೂ 'ಬುಕ್ರಾ', ಅಂದರೆ ನಾಳೆ.

ಒಂದು ದಿನ ಅವರ ಗೋಳು ಕೇಳಲಾರದೆ ವಾಸು, "ನನ್ನ ಭಾವ ಕಾಲೇಜಿನಲ್ಲಿ ಎನ್.ಸಿ.ಸಿ. ಆಫೀಸರ್. ಬಂದೂಕಿನ ಪಂಡಿತರು" ಎಂದುಬಿಟ್ಟನಂತೆ. ಸಮಾಧಾನಕ್ಕೆ ಹೇಳಿದ ಮಾತು. ಮರುವಾರವೇ ವೀಸಾ ಬಂತು. ಬಂದದ್ದು ನನಗೆ.

"ಕೈಹಿಡಿದ ಹೆಂಡತಿಗೆ ಇಲ್ಲ, ಭಾವನಿಗೆ ಉಂಟು!" ಪದ್ಮ ಜಗಲಿಯಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಸೀರೆಯೂ ಕೊಡ್ತೇನೆ, ಉಟ್ಟುಕೊಂಡು ನೀನೇ ಹೋಗಿ ಸಂಸಾರ ಮಾಡು."

"ನಾನು ಹೋಗುವುದಿಲ್ಲ ಮಾರಾಯ್ತಿ" ಎಂದೆ. ಹೃತ್ಪೂರ್ವಕವಾಗಿ ಹೇಳಿದ ಮಾತದು.

"ಹೋಗಬೇಕು. ಗುಂಡು ಹೊಡೆದೋ, ಹೊಡೆಸಿಯೋ, ನನ್ನ ವೀಸಾಕ್ಕೆ ರುಜು ಹಾಕಿಸ್ಕೊಂಡೇ ಬರಬೇಕು. ಮತ್ತೆ ಈ ಎಣ್ಣೆ ನಮ್ಮವರಿಗೆ. ಗಾಣದ್ದು. ಅಲ್ಲಿಯ ಎಣ್ಣೆ ಅವರ ತಲೆಗೆ ಹಿಡಿಯುದಿಲ್ಲ."

ನನ್ನ ಪಾಂಡಿತ್ಯದ ಬಗ್ಗೆಯೂ ಒಂದು ಮಾತು. ನಾನು ಭೌತಶಾಸ್ತ್ರದ ಉಪನ್ಯಾಸಕ. ಕಾಲೇಜಿನಲ್ಲಿ ಬೇರೆ ಯಾರೂ ಒಪ್ಪದ ಕಾರಣ ಎನ್.ಸಿ.ಸಿ. ನನ್ನ ಹೆಗಲಿಗೆ ಬಿತ್ತು. ನಮ್ಮ ಬಂದೂಕು ಚಿಕ್ಕದು. ಒಂದು ಗುಂಡು ಹೊಡೆದರೆ ಅಗುಳಿಯಂಥ ಬೋಲ್ಟು ಎಳೆದು, ಖಾಲಿ ತೋಟೆ ತೆಗೆದು, ಇನ್ನೊಂದು ತುಂಬಬೇಕು. ಅಬು ಸಾಲೆಹರದ್ದು ಸೆಮಿ ಆಟೋಮ್ಯಾಟಿಕ್: ಒಂದು ಗುಂಡು ಹಾರಿದ ಬಿಸಿಯಲ್ಲೇ ತಾನೇ ಬೋಲ್ಟನ್ನು ಹಿಂದಕ್ಕೆ ತಳ್ಳಿ, ಖಾಲಿಯನ್ನು ಉಗುಳಿ, ಮುಂದಿನದನ್ನು ನುಂಗಿ ಕಾದು ಕೂರುವ ಜಾತಿ. ಅದನ್ನು ನಾನು ಚಿತ್ರದಲ್ಲಿ ನೋಡಿದ್ದೆ. ಚಿತ್ರ ಚೆನ್ನಾಗಿತ್ತು.

ದೋಹಾ: ಬ್ರೊಫೆಸರ್

ಕಸ್ಟಮ್ಸಿನವನು ಉಪ್ಪಿನಕಾಯಿಯ ಭರಣಿಯನ್ನು ಮೂಸಿ, ಕಣ್ಣೊರೆಸಿಕೊಂಡು, ಬೇಗ ಬೇಗ ಮುಚ್ಚಿ ನನ್ನನ್ನು ಬಿಟ್ಟುಬಿಟ್ಟ. ಹೊರಗೆ ವಾಸು ನಿಂತಿದ್ದ. ಅವನ ಪಕ್ಕದಲ್ಲಿ ಬಿಳಿ ನಿಲುವಂಗಿ, ನೆರೆತ ಗಡ್ಡ, ದಪ್ಪ ಹೊಸ ಕನ್ನಡಕದ ಅಬು ಸಾಲೆಹ್ ತಾವೇ ಬಂದಿದ್ದರು.

"ಅಹ್ಲನ್, ಬ್ರೊಫೆಸರ್!" ಎಂದು ಅಪ್ಪಿಕೊಂಡರು. "ಬಂದೂಕ್ ಮೇ ಬಹುತ್ ಬಡಾ ಬ್ರಾಬ್ಲಮ್!"

ಅವರ ಹಿಂದಿಗೆ ವ್ಯಾಕರಣವಿರಲಿಲ್ಲ. ನನ್ನ ಹಿಂದಿಗೂ ಇರಲಿಲ್ಲ. ಹಾಗಾಗಿ ಮೊದಲ ನಿಮಿಷದಿಂದಲೇ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ಅವರ ಮಾತನ್ನು ಇಲ್ಲಿಂದ ಮುಂದೆ ಕನ್ನಡಕ್ಕೆ ಹಾಕಿಯೇ ಹೇಳುತ್ತೇನೆ.

"ಅದೆಂತ ಬ್ರೊಫೆಸರ್?" ಎಂದು ವಾಸುವಿನ ಕಿವಿಯಲ್ಲಿ ಕೇಳಿದೆ.

"ಅವರ ಅಕ್ಷರಮಾಲೆಯಲ್ಲಿ 'ಪ' ಇಲ್ಲ ಭಾವ. ಪೈಪು ಬೇಕಾದ್ರೆ ಗಿರಾಕಿಗಳು ಬೈಪು ಕೇಳ್ತಾರೆ, ಪೈಂಟು ಬೈಂಟು. ನಾಕು ದಿನ ಕಷ್ಟ. ಮತ್ತೆ ನಿಮಗೆ ಗೊತ್ತೇ ಆಗುದಿಲ್ಲ."

ಕಡಲಂಚಿನ ರಸ್ತೆಯಲ್ಲಿ ಕಾರು ಹಾರಿತು. ವೆಸ್ಟ್ ಬೇ ಕಡೆ ಕೈಮಾಡಿ ಅಬು ಸಾಲೆಹ್ ಒಂದು ದೊಡ್ಡ ಹೋಟೆಲು ತೋರಿಸಿದರು. ಅದರ ಸುತ್ತ ಮಣ್ಣು, ಮಣ್ಣಿನ ಸುತ್ತ ಸಮುದ್ರ. ನಮ್ಮಲ್ಲಿಯಾದರೆ ಅಷ್ಟು ಖಾಲಿ ಜಾಗದಲ್ಲಿ ಇಷ್ಟು ಹೊತ್ತಿಗೆ ಒಂದು ಗೂಡಂಗಡಿ, ಒಂದು ಪಂಚರ್ ಅಂಗಡಿ, ಒಂದು ವ್ಯಾಜ್ಯ ಹುಟ್ಟಿರುತ್ತಿತ್ತು. ಅವರು ಮಾತ್ರ ಸ್ಟಿಯರಿಂಗ್ ಬಿಟ್ಟು ಎರಡೂ ಕೈಗಳಿಂದ ತಮ್ಮ ಗುಂಡುಗಳು ಎಲ್ಲೆಲ್ಲಿ ಬೀಳುತ್ತಿವೆ ಎಂದು ತೋರಿಸುತ್ತಿದ್ದರು. ನನ್ನ ಚಿಂತೆಗಳಲ್ಲಿ ಕಾರು ಅಪಘಾತ ಇರಲಿಲ್ಲ. ಕೂಡಲೇ ಸೇರಿಸಿಕೊಂಡೆ.

ವಾಸುವಿನ ಕೋಣೆ ಐನ್ ಖಾಲಿದಿನಲ್ಲಿ, ಧಣಿಗಳ ಮನೆಯ ಹಿತ್ತಿಲಲ್ಲಿ. ಒಂದು ಮಂಚ, ಒಂದು ಸ್ಟೌ, ಗೋಡೆಯಲ್ಲಿ ಗಣಪತಿ. ಬಾಗಿಲ ಹಿಂದೆ ಒಂದು ಖಾಲಿ ಮೊಳೆ.

"ಅದು ಪದ್ಮನ ಪರ್ಸು ನೇತು ಹಾಕ್ಲಿಕ್ಕೆ" ಎಂದ ವಾಸು, ನಾನು ಕೇಳದೆಯೇ. ಆಮೇಲೆ ಸ್ವಲ್ಪ ಹೊತ್ತು ಸ್ಟೌ ಪಂಪು ಮಾಡಿದ.

ಅಲ್ ಖೋರ್ ದಾಟಿದ ಮೇಲೆ

ಅಲ್ ಖೋರಿನ ಆಚೆ ಮರಳುಗಾಡಿನಲ್ಲಿ ಅವರ ಚಳಿಗಾಲದ ಬಿಡಾರ. ಬೆಳಿಗ್ಗೆ ಅಲ್ಲಿಗೆ ತಲುಪಿದಾಗ ನನ್ನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಗಲ್ಫ್ ಎಂದರೆ ಸೆಕೆ ಎಂದು ನಂಬಿ ಕೋಟನ್ನು ಐನ್ ಖಾಲಿದಿನಲ್ಲೇ ಬಿಟ್ಟು ಬಂದಿದ್ದೆ.

ಗುಡಾರದಲ್ಲಿ ಅಬು ಸಾಲೆಹರ ದೊಡ್ಡಪ್ಪನ ಮಗ ಅಬು ಹಮದ್ ಕಾಲು ಚಾಚಿ ಕೂತಿದ್ದರು. ತಮ್ಮನನ್ನು ಕೆಣಕುವುದೇ ಅವರ ಕಾಯಕವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬಂದೂಕಿಗೆ ಡಾಕ್ಟರನ್ನು ಹಿಂದೂಸ್ತಾನದಿಂದ ತರಿಸಿದೆಯಾ? ಕಣ್ಣಿಗೆ ಇಲ್ಲಿಯವನೇ ಸಾಕಿತ್ತು."

"ಶುಕ್ರವಾರ ನೋಡುವಿಯಂತೆ" ಎಂದರು ಅಬು ಸಾಲೆಹ್. ಶುಕ್ರವಾರ ಮನೆತನದ ಗಂಡಸರೆಲ್ಲ ಕೂಡಿ ಗುರಿಯಿಡುವ ಪದ್ಧತಿಯಂತೆ. ಅಂದು ಮತ್ತೆ ನಗೆಗೀಡಾದರೆ ಬಂದೂಕನ್ನು ಅಣ್ಣನಿಗೆ ಕೊಟ್ಟು ಬೇಟೆಯನ್ನೇ ಬಿಡುತ್ತೇನೆ ಎಂದು ಅವರು ಆಣೆ ಹಾಕಿದ್ದರು. ವಾಸು ನನ್ನ ಬೆನ್ನ ಹಿಂದೆ, "ಹಾಗಾದ್ರೆ ರುಜು ಖಲಾಸ್" ಎಂದು ಗೊಣಗಿದ.

ಗಾವಾ ಬಂತು. ಏಲಕ್ಕಿ ಹಾಕಿದ ತಿಳಿ ಕಹಿ ಕಾಫಿ, ಹಿಡಿ ಇಲ್ಲದ ಪುಟ್ಟ ಬಟ್ಟಲಿನಲ್ಲಿ. ಖಾಲಿಯಾದೊಡನೆ ಮತ್ತೆ ಸುರಿದರು. ಬೇಡವೆನ್ನುವುದು ಅವಮರ್ಯಾದೆಯಾದೀತೆಂದು ಕುಡಿದೆ. ಮತ್ತೆ ಸುರಿದರು. ಹೃದಯ ಬಂದೂಕಿಗಿಂತ ಜೋರಾಗಿ ಹೊಡೆಯತೊಡಗಿದ ಮೇಲೆ ವಾಸು ಹೇಳಿದ: "ಸಾಕಾದ್ರೆ ಬಟ್ಟಲು ಅಲ್ಲಾಡಿಸ್ಬೇಕು ಭಾವ. ಇಲ್ಲದಿದ್ರೆ ಅವರು ಸಂಜೆವರೆಗೆ ಹಾಕ್ತಾರೆ, ನೀವು ಸಂಜೆವರೆಗೆ ಕುಡೀತೀರಿ."

ಬಟ್ಟಲು ಅಲ್ಲಾಡಿಸಿ ಬಂದೂಕು ತೆಗೆದುಕೊಂಡೆ. ಮೊದಲು ಅದು ಖಾಲಿಯೆಂದು ನೋಡಿ, ನಂತರ ಮತ್ತೊಮ್ಮೆ ನೋಡಿ, ಆಮೇಲೆ ಅನುಮಾನ ಬಂದು ಇನ್ನೊಮ್ಮೆ ನೋಡಿದೆ. ಹಿಡಿಯ ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ದುರ್ಬೀನಿನ ಸ್ಕ್ರೂಗಳು ಬಿಗಿಯಾಗಿದ್ದವು. ತೋಟೆ ತುಂಬಿ, ಮನೆಯಲ್ಲಿ ಮಲಗಿದ್ದವರು ಎಚ್ಚರಗೊಳ್ಳದಂತೆ ಕಪಾಟು ಮುಚ್ಚುವ ಅಭ್ಯಾಸದಲ್ಲಿ, ಬೋಲ್ಟನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟೆ. ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ.

ಅಬು ಹಮದ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಈ ಜಾತಿಯ ಬಂದೂಕಿಗೆ ಅಷ್ಟು ಮರ್ಯಾದೆ ಸಲ್ಲದು. ಬೋಲ್ಟನ್ನು ಪೂರ್ತಿ ಎಳೆದು ಕೈಬಿಡಬೇಕು, ಅದು ಸ್ಪ್ರಿಂಗಿನ ಬಲದಲ್ಲೇ ಹೋಗಿ ಧಡ್ಡನೆ ಕೂರಬೇಕು. ಸಂಭಾವಿತರಂತೆ ಕೈಹಿಡಿದು ಕೂರಿಸಿದರೆ ಅದು ಅರ್ಧ ಕೂತು ಮುನಿಸಿಕೊಳ್ಳುತ್ತದೆ.

ಅಬು ಸಾಲೆಹ್ ಮರಳಿನ ಚೀಲದ ಮೇಲೆ ನಳಿಗೆಯಿಟ್ಟು ಐದು ಗುಂಡು ಹಾರಿಸಿದರು. ಹೋಗಿ ನೋಡಿದರೆ ಕಾಗದದ ಮೇಲೆ ಐದು ತೂತು, ಐದು ಊರು. ನಮ್ಮ ಮನೆಯ ಊಟದ ಹರಿವಾಣ ಮುಚ್ಚಿದರೂ ಒಂದು ಹೊರಗುಳಿಯುತ್ತಿತ್ತು.

ಮೇಷ್ಟ್ರ ಜಾತಿ ಸುಮ್ಮನಿರುವುದಿಲ್ಲ. ನನ್ನ ಪಾಠ ಶುರುವಾಯಿತು. ಚೀಲದ ಮೇಲೆ ಊರಬೇಕಾದ್ದು ನಳಿಗೆಯಲ್ಲ, ಅದರ ಕೆಳಗಿನ ಮರ. ಅದೂ ಪ್ರತಿಸಲ ಒಂದೇ ಜಾಗದಲ್ಲಿ. ಗುಂಡು ಹೋದ ಮೇಲೂ ಬೆರಳು ಒಂದು ಕ್ಷಣ ಒತ್ತಿಕೊಂಡೇ ಇರಬೇಕು. ಪ್ರತಿ ಹೊಡೆತಕ್ಕೂ ದುರ್ಬೀನಿನ ತಿರುಪು ತಿರುಗಿಸುವ ನಿಮ್ಮ ಚಾಳಿ ಬಿಡಬೇಕು. ಮೊದಲು ಗುಂಡುಗಳೆಲ್ಲ ಒಂದೆಡೆ ಕೂಡಲಿ, ಎಲ್ಲಿ ಕೂಡಬೇಕೆಂಬುದು ಆಮೇಲಿನ ಮಾತು. ಎಲ್ಲಕ್ಕಿಂತ ಮುಖ್ಯ, ಎರಡನೆಯ ಗುಂಡನ್ನು ಮರೆತುಬಿಡಬೇಕು. ಸೆಮಿ ಆಟೋಮ್ಯಾಟಿಕ್ಕಿನ ರೋಗ ಹೆಚ್ಚಾಗಿ ಬಂದೂಕಿನದ್ದಲ್ಲ. ಇನ್ನೊಂದು ಗುಂಡು ತಯಾರಾಗಿ ಕೂತಿದೆ ಎಂಬ ಧೈರ್ಯದಲ್ಲಿ ಕೈಲಿರುವ ಗುಂಡನ್ನು ಯಾರೂ ಮನಸ್ಸಿಟ್ಟು ಹೊಡೆಯುವುದಿಲ್ಲ.

"ಒಂದನ್ನೇ ಹೊಡೆಯಿರಿ. ನಡುವೆ ನಳಿಗೆ ತಣಿಯಲಿ. ನಿಮ್ಮ ಬಳಿ ಬೇರೆ ಗುಂಡೇ ಇಲ್ಲವೆಂದು ತಿಳಿಯಿರಿ."

"ಇದೆಯಲ್ಲ, ಡಬ್ಬಿ ತುಂಬ ಇದೆ" ಎಂದರು ಅಬು ಸಾಲೆಹ್, ನನ್ನ ಬಡತನಕ್ಕೆ ಮರುಗಿ.

ಆದರೂ ಕೇಳಿದರು. ಬಿಸಿಲೇರಿತು, ಊಟವಾಯಿತು. ಮಧ್ಯಾಹ್ನದ ಹೊತ್ತಿಗೆ ಹರಿವಾಣ ತಟ್ಟೆಯಾಯಿತು, ತಟ್ಟೆ ನೀರುದೋಸೆಯ ಅರ್ಧದಷ್ಟಾಯಿತು. ಅಬು ಸಾಲೆಹ್ ನನ್ನ ಹಣೆಗೆ ಮುತ್ತಿಟ್ಟರು. ವಾಪಸು ಬರುವಾಗ ವಾಸು ಆ ಖಾಲಿ ಮೊಳೆಯ ಬಗ್ಗೆ ಮಾತನಾಡಿದ, ಅದರ ಪಕ್ಕ ಒಂದು ಕನ್ನಡಿಯೂ ಹಾಕಿದರೆ ಹೇಗೆ ಎಂದು. ನಾನು ಮನಸ್ಸಿನಲ್ಲೇ ಪದ್ಮನಿಗೆ ಟೆಲಿಗ್ರಾಂ ಬರೆಯುತ್ತಿದ್ದೆ.

ಮರುದಿನ ಬೆಳಿಗ್ಗೆ, ಅದೇ ಮರಳು

ಅದೇ ಬಂದೂಕು, ಅದೇ ಚೀಲ, ಅದೇ ಪಾಠ. ಗುಂಡುಗಳು ಮಾತ್ರ ಮತ್ತೆ ಹರಿವಾಣದಗಲ.

"ಬ್ರೊಫೆಸರ್," ಎಂದರು ಅಬು ಹಮದ್ ವಿನಯದಿಂದ, "ನಿನ್ನೆಯ ಪಾಠಕ್ಕೆ ರಾತ್ರಿ ಕಳೆದರೆ ವಾಯಿದೆ ಮುಗಿಯುತ್ತದೆಯೋ?"

ಅಬು ಸಾಲೆಹ್ ನಗಲಿಲ್ಲ, ರೇಗಲೂ ಇಲ್ಲ. ಕನ್ನಡಕ ತೆಗೆದು ನಿಲುವಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಹೇಳಿದರು: "ಇದು ಮೂರನೆಯ ಕನ್ನಡಕ. ನಮ್ಮಪ್ಪನಿಗೂ ನನ್ನ ವಯಸ್ಸಿನಲ್ಲೇ ಕಣ್ಣು ಹೋಯಿತು. ಬಂದೂಕಿನ ಬ್ರಾಬ್ಲಮ್ ಎಂದು ನಾನು ಹೇಳಿಕೊಂಡು ತಿರುಗುವುದು ಅಷ್ಟೆ."

ಐವತ್ತರ ಹತ್ತಿರದ ನನ್ನಂಥ ಚಿಂತಾಮಣಿಗೆ ಇನ್ನೊಬ್ಬನ ಚಿಂತೆಯ ತೂಕ ಬೇಗ ತಿಳಿಯುತ್ತದೆ. ಶುಕ್ರವಾರ ನಾಳೆಯೇ ಇತ್ತು. ಸುಮ್ಮನೆ ಬಂದೂಕನ್ನು ಎತ್ತಿಕೊಂಡು, ಖಾಲಿ ಮಾಡಿ, ಬೋಲ್ಟನ್ನು ಎಳೆದು ಬಿಟ್ಟೆ. ಈ ಸಲ ಮರ್ಯಾದೆ ಮಾಡಿರಲಿಲ್ಲ, ಪೂರ್ತಿ ಕೈಬಿಟ್ಟಿದ್ದೆ. ಆದರೂ ಅದು ಧಡ್ಡೆನ್ನಲಿಲ್ಲ. ಮದುವೆ ಮನೆಯಲ್ಲಿ ಎರಡನೆಯ ಪಂಕ್ತಿಗೆ ಏಳುವ ಹಿರಿಯರಂತೆ ಸಾವಕಾಶವಾಗಿ ಹೋಗಿ ಕೂತಿತು. ನಿನ್ನೆ ಮಧ್ಯಾಹ್ನ ಚುರುಕಾಗಿದ್ದದ್ದು ಇದೇ ಬೋಲ್ಟು.

ಮಧ್ಯಾಹ್ನ ಒಳ್ಳೆಯದು, ಬೆಳಿಗ್ಗೆ ಕೆಟ್ಟದ್ದು. ಕಣ್ಣಾಗಿದ್ದರೆ ಹಾಗೆ ಮಾಡುತ್ತದೆಯೇ?

ಐನ್ ಖಾಲಿದ್: ಬಾಟಲಿ

ಬಂದೂಕನ್ನು ಬಿಚ್ಚಿ ನೋಡುತ್ತೇನೆಂದು ಐನ್ ಖಾಲಿದಿಗೆ ತಂದೆವು. ಮೊದಲು ತಲೆ ತಣ್ಣಗಾಗಲಿ ಎಂದು ಸ್ನಾನಕ್ಕೆ ಹೋದೆ. ಪದ್ಮ ಕಳಿಸಿದ ಎಣ್ಣೆಯ ಬಾಟಲಿ ಬಚ್ಚಲಿನ ನೆರಳಲ್ಲಿತ್ತು. ಬಗ್ಗಿಸಿದೆ, ಬರಲಿಲ್ಲ. ಕುಟ್ಟಿದೆ, ಬರಲಿಲ್ಲ. ಒಳಗೆ ಬೆಳ್ಳಗೆ, ಮೇಣದಂತೆ ಗಟ್ಟಿಯಾಗಿ ಕೂತಿತ್ತು. ಬಯ್ದುಕೊಳ್ಳುತ್ತ ಅದನ್ನು ಹೊರಗೆ ಬಿಸಿಲಿಗಿಟ್ಟು, ಹೆಂಡತಿ ಕೊಟ್ಟ ಶಾಲು ಹೊದ್ದು ಕಾದು ಕೂತೆ. ಎಣ್ಣೆ ಅಂಚಿನಿಂದ ಕರಗತೊಡಗಿತು. ಅದರ ಪರಿಮಳ ಎದ್ದಿತು. ಎದ್ದದ್ದು ಬಾಟಲಿಯಿಂದಲೋ, ಪಕ್ಕದಲ್ಲಿ ಒರಗಿಸಿಟ್ಟಿದ್ದ ಬಂದೂಕಿನಿಂದಲೋ?

ಘನ ದ್ರವವಾಗುವ ಪಾಠವನ್ನು ನಾನು ಅರ್ಧ ಆಯುಷ್ಯ ಮಾಡಿದ್ದೇನೆ. ಪ್ರತಿವರ್ಷ ಕೊಡುವ ಉದಾಹರಣೆ ತೆಂಗಿನೆಣ್ಣೆಯೇ.

"ವಾಸು," ಎಂದೆ, "ಈ ಬಂದೂಕಿಗೆ ಎಣ್ಣೆ ಯಾರು ಹಾಕುದು?"

"ನಾನೇ ಭಾವ!" ಅವನ ಮುಖ ಅರಳಿತು. "ನೋಡಿದ್ರಲ್ಲ, ಹೇಗೆ ಹೊಳೀತದೆ! ಆಯುಧ ಪೂಜೆಯ ದಿವಸ ಧಣಿಗಳು ಬಂದೂಕು ನನ್ನ ಕೋಣೆಯಲ್ಲಿಟ್ಟು ಪರವೂರಿಗೆ ಹೋಗಿದ್ರು. ಆಯುಧ ಮನೆಯಲ್ಲುಂಟು, ಹಾಗೇ ಬಿಡ್ಲಿಕ್ಕೆ ಆಗ್ತದಾ? ತೊಳೆದು, ಎಣ್ಣೆ ಹಾಕಿ, ಕುಂಕುಮ ಹಚ್ಚಿ, ಒಂದು ಲಿಂಬೆ ಕೊಯ್ದೆ. ಧಣಿಗಳು ಬಂದು ನೋಡಿ ಭಾರಿ ಖುಷಿಪಟ್ರು. ಮತ್ತೆ ಪ್ರತಿ ವಾರ ಹಾಕ್ತಾ ಇದ್ದೇನೆ. ಒಳಗೂ ಹೊರಗೂ. ನಳಿಗೆಯಲ್ಲೂ ಧಾರಾಳ ಬಿಟ್ಟಿದ್ದೇನೆ."

"ಯಾವ ಎಣ್ಣೆ?"

"ಇದೇ. ಗಾಣದ್ದು. ಪದ್ಮ ಹೋದ ಸಲ ಕಳಿಸಿದ್ದು."

ನಾನು ಬಾಟಲಿಯ ತಳದಲ್ಲಿ ಇನ್ನೂ ಗಟ್ಟಿಯಾಗಿದ್ದ ಬಿಳಿ ಮುದ್ದೆಯನ್ನು ತೋರಿಸಿದೆ. ಆಮೇಲೆ ಬೋಲ್ಟು ತೆಗೆದು, ಒಳಗಿನ ಸಂದಿಯಲ್ಲಿ ಬೆರಳಾಡಿಸಿ, ಬೆರಳಿಗಂಟಿದ ಅದೇ ಬಿಳಿ ಮುದ್ದೆಯನ್ನು ತೋರಿಸಿದೆ. ಇದರಲ್ಲಿ ಮಸಿಯಿತ್ತು, ಮರಳಿತ್ತು, ಕುಂಕುಮದ ಕೆಂಪೂ ಇತ್ತು. ಅಕ್ಟೋಬರಿನ ಸೆಕೆಯಲ್ಲಿ ನೀರಾಗಿದ್ದದ್ದು ಚಳಿ ಬಿದ್ದಂತೆ ಬೆಳಿಗ್ಗೆಯೆಲ್ಲ ಬೆಣ್ಣೆಯಾಗಿ, ಬೋಲ್ಟು ಒಮ್ಮೆ ಪೂರ್ತಿ ಕೂತು ಒಮ್ಮೆ ಕೂದಲೆಳೆಯಷ್ಟು ಹಿಂದುಳಿದು, ಗುಂಡು ಒಂದೊಂದೂ ಒಂದೊಂದು ದಾರಿ ಹಿಡಿದಿತ್ತು.

ವಾಸು ಮಂಚದ ಮೇಲೆ ಕೂತುಬಿಟ್ಟ. "ಅಂದ್ರೆ ಪದ್ಮನ ವೀಸಾವನ್ನು ನಿಲ್ಲಿಸಿದ್ದು..."

"ಪದ್ಮನ ಎಣ್ಣೆ."

"ಧಣಿಗಳಿಗೆ ಹೇಳ್ಬೇಡಿ ಭಾವ. ನಿಮ್ಮ ಕಾಲು ಹಿಡೀತೇನೆ."

ಹೇಳಬೇಕಾಗಲಿಲ್ಲ. ನನ್ನ ಹಳೆಯ ಬನಿಯನ್ ಹರಿದು ಸೀಮೆಎಣ್ಣೆಯಲ್ಲಿ ಅದ್ದಿ ಇಬ್ಬರೂ ಉಜ್ಜುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಅಬು ಸಾಲೆಹ್ ಒಳಗೆ ಬಂದು ಬೋಲ್ಟನ್ನು ಮೂಗಿಗೆ ಹಿಡಿದರು. "ಇದೇನು, ನನ್ನ ಬಂದೂಕು ಮಲಯಾಳಿ ಹೋಟೆಲಿನ ಹಾಗೆ ನಾರುತ್ತಿದೆ?"

ವಾಸು ಎದ್ದು ನಿಂತು, ತಲೆತಗ್ಗಿಸಿ ಎಲ್ಲ ಒಪ್ಪಿಕೊಂಡ. ನಾನು ನಡುವೆ ನಡುವೆ ಭೌತಶಾಸ್ತ್ರ ಸೇರಿಸಿದೆ. ಅಬು ಸಾಲೆಹ್ ಬೋಲ್ಟನ್ನು ಮಂಚದ ಮೇಲಿಟ್ಟರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನನ್ನ ಅಂಗಡಿಯ ಉಗ್ರಾಣದಲ್ಲಿ ಯಂತ್ರದ ಎಣ್ಣೆ ಡಬ್ಬಗಟ್ಟಲೆ ಇದೆ. ಬೀಗದ ಕೈ ನಿನ್ನ ಸೊಂಟದಲ್ಲೇ ಇದೆ. ಅದನ್ನು ಯಾಕೆ ಹಾಕಲಿಲ್ಲ?"

"ಅದು ಅಂಗಡಿಯ ಮಾಲು" ಎಂದ ವಾಸು. "ಬಿಲ್ಲು ಇಲ್ಲದೆ ಮುಟ್ಟುದು ಹೇಗೆ? ಅದಕ್ಕೇ ನಮ್ಮ ಮನೆಯದ್ದು ಹಾಕಿದೆ."

ಅಬು ಸಾಲೆಹ್ ಅವನನ್ನು ನೋಡಿದರು. ನನ್ನನ್ನು ನೋಡಿದರು. "ಹಾಗಾದರೆ ನನ್ನ ಕಣ್ಣು?"

"ಮಾಫಿ ಬ್ರಾಬ್ಲಮ್" ಎಂದೆ, ಅಂದರೆ ಏನೂ ತೊಂದರೆಯಿಲ್ಲ. ಬಾಯಿಗೆ ಅದು ಹಾಗೆಯೇ ಬಂತು, 'ಬ' ಸಮೇತ. ಆಗ ನಾನದನ್ನು ಗಮನಿಸಲಿಲ್ಲ.

ಅವರು ಆ ದಪ್ಪ ಕನ್ನಡಕ ತೆಗೆದು ಗಣಪತಿಯ ಪಟದ ಕೆಳಗಿಟ್ಟು, ನಗುವುದಕ್ಕೆ ಶುರುಮಾಡಿದವರು ನಿಲ್ಲಿಸಲಿಲ್ಲ. ವಾಸುವಿನ ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಸಿಟ್ಟೆಷ್ಟು ಪ್ರೀತಿಯೆಷ್ಟು ಎಂದು ವಾಸುವಿಗೂ ತಿಳಿಯಲಿಲ್ಲ.

ಶುಕ್ರವಾರ

ನಳಿಗೆ ಒಣಗಿತ್ತು. ಬೋಲ್ಟಿಗೆ ಯಂತ್ರದ ಎಣ್ಣೆ, ಒಂದೇ ತೊಟ್ಟು, ಬಿಲ್ಲು ಸಮೇತ. ಚಳಿ ಮೊದಲಿನಷ್ಟೇ ಇತ್ತು. ಬೇಕೆಂದೇ ಬೆಳಿಗ್ಗೆಯೇ ಹೋಗಿದ್ದೆವು. ಅಬು ಸಾಲೆಹ್ ತಮ್ಮ ಹಳೆಯ ಕನ್ನಡಕದಲ್ಲಿ, ಬೇರೆ ಗುಂಡೇ ಇಲ್ಲದ ಬಡವನಂತೆ, ಒಂದೊಂದನ್ನೇ ಹೊಡೆದರು. ನಡುವೆ ನಾವೆಲ್ಲ ನಳಿಗೆ ತಣಿಯಲು ಕಾದೆವು. ಕಾಯುವುದರಲ್ಲಿ ನನ್ನ ಉಗುರುಗಳು ಮುಗಿದವು.

ಅಬು ಹಮದ್ ತಾವೇ ಹೋಗಿ ಕಾಗದ ಕಿತ್ತು ತಂದರು. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಗಾವಾ ಬಟ್ಟಲನ್ನು ತೂತುಗಳ ಮೇಲೆ ಬೋರಲು ಹಾಕಿದರು. ಒಂದು ತೂತೂ ಕಾಣಲಿಲ್ಲ. ಎತ್ತಿ ನೋಡಿದರು, ಮತ್ತೆ ಮುಚ್ಚಿದರು. ಕೊನೆಗೆ ತಮ್ಮನ ಮುಖದ ಮುಂದೆ ಆ ಖಾಲಿ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿದರು: ಸಾಕು.

ಮತ್ತೆ ಕಾರ್ಕಳ

ಅಬು ಸಾಲೆಹ್ ಆ ಮರಳುಗಾಡಿನಲ್ಲೇ ಕಾರಿನ ಬಾನೆಟ್ಟಿನ ಮೇಲೆ ಪದ್ಮನ ಕಾಗದಕ್ಕೆ ರುಜು ಹಾಕಿದರು. ಉಳಿದದ್ದನ್ನು ಟೈಪು ಮಾಡುವವನಿಗೆ ತಾವೇ ಫೋನಿನಲ್ಲಿ, ಗಟ್ಟಿಯಾಗಿ, ಒಂದೊಂದಾಗಿ ಹೇಳಿ ಬರೆಸಿದರು. ವೀಸಾ ನನ್ನ ಕೈಗೇ ಬಂತು. ಚಿಂತೆಯ ಮನುಷ್ಯನಲ್ಲವೇ, ಪಾಸ್‌ಪೋರ್ಟಿನ ಸಂಖ್ಯೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓದಿದೆ. ಹುಟ್ಟಿದ ತಾರೀಖು ನೋಡಿದೆ. ಮೊಹರನ್ನು ಬೆಳಕಿಗೆ ಹಿಡಿದೆ. ಹೆಸರನ್ನು ಬಾಯಿಬಿಟ್ಟು ಓದಿದೆ, ಸರಿಯಾಗಿಯೇ ಕೇಳಿಸಿತು. ವಿಮಾನದಲ್ಲಿ ಅದನ್ನು ಎದೆಗೊತ್ತಿಕೊಂಡೇ ಕೂತೆ. ವಿಮಾನ ಬೀಳಲಿಲ್ಲ.

ಪದ್ಮ ಜಗಲಿಯಲ್ಲಿ ನಿಂತೇ ಕಾಗದ ಬಿಡಿಸಿದಳು. ಕಣ್ಣು ತುಂಬಿಕೊಂಡಳು. ಮತ್ತೊಮ್ಮೆ ಓದಿ, ತುಂಬಿದ ಕಣ್ಣಿನಲ್ಲೇ ನನ್ನನ್ನು ದುರುಗುಟ್ಟಿ ನೋಡಿದಳು.

"ಅಣ್ಣ, ಈ ಬದ್ಮ ಯಾರು?"

ಕಾಗದ ತಿದ್ದಿಸಲು ವಾಸುವಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಕಾಗದ ಸರಿಯಾಯಿತು, ಬಾಯಿಗಳು ಸರಿಯಾಗಲಿಲ್ಲ. ಅಂಗಡಿಗೆ ಅವಳು ಬದ್ಮಾ ಮೇಡಂ, ಐನ್ ಖಾಲಿದಿನ ನೆರೆಯವರಿಗೆ ಬದ್ಮಾ ಸಿಸ್ಟರ್. ಮೊನ್ನೆ ದೋಹಾದಿಂದ ಫೋನು ಬಂತು. ಬಾಗಿಲ ಹಿಂದಿನ ಮೊಳೆಯಲ್ಲಿ ಪರ್ಸು ನೇತುಬಿದ್ದಿದೆಯಂತೆ, ಪಕ್ಕದಲ್ಲಿ ಕನ್ನಡಿಯೂ ಬಂದಿದೆಯಂತೆ. ಅದೆಲ್ಲ ಆಮೇಲೆ ಹೇಳಿದ್ದು. ಗೊರಗೊರ ಸದ್ದಿನ ನಡುವೆ ಮೊದಲು ಕೇಳಿಸಿದ್ದು ಇಷ್ಟೇ:

"ಹಲೋ, ಅಣ್ಣಾ? ನಾನು ಬದ್ಮ."